ಅರಿಶಿನದ ಬೆರಳು

ಆ ಪೆಟ್ಟಿಗೆ ನಾಲ್ಕು ಡಬ್ಬಿಯ ಊಟದ ಕ್ಯಾರಿಯರಿಗಿಂತ ಹೆಚ್ಚು ಭಾರವಿರಲಿಲ್ಲ. ಬೂದು ಬಣ್ಣ, ಮೇಲೊಂದು ಹಿಡಿ, ಪಕ್ಕದಲ್ಲಿ ಕಾರ್ಡು ತೂರಿಸಲು ಒಂದು ಸೀಳು. ಬೆರಳ ತುದಿ ಚುಚ್ಚಿ ಬಂದ ರಕ್ತವನ್ನು ದಪ್ಪ ಕಾಗದದ ಕಾರ್ಡಿನ ಮೇಲೆ ಹನಿಸಬೇಕು, ನೆರಳಿನಲ್ಲಿ ಒಣಗಲು ಬಿಡಬೇಕು, ಒಣಗಿದ ಮೇಲೆ ಆ ಸೀಳಿನೊಳಗೆ ಇಡಬೇಕು. ಪೆಟ್ಟಿಗೆ ಕಲೆಯ ಮೇಲೆ ಬೆಳಕು ಬಿಡುತ್ತದೆ. ಕಲೆಯಿಂದ ಹಿಂದಿರುಗಿದ ಬೆಳಕು ಲ್ಯಾಪ್‌ಟಾಪಿನ ಪರದೆಯಲ್ಲಿ ಏರಿಳಿಯುವ ಗೆರೆಯಾಗಿ ಮೂಡುತ್ತದೆ. ಗೆರೆಯ ಕೆಳಗೆ ಒಂದು ಮಾತು ಬರುತ್ತದೆ: ಹೊಂದುತ್ತದೆ, ಇಲ್ಲವೇ ಹೊಂದುವುದಿಲ್ಲ. ಮೂರನೆಯ ಮಾತು ಅದಕ್ಕೆ ಗೊತ್ತಿರಲಿಲ್ಲ.

ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಹೇಳಬೇಕು. ವರ್ಷಗಟ್ಟಲೆ ಮೈಯೆಲ್ಲ ನೋಯುವ ಒಂದು ಕಾಯಿಲೆ ಇದೆ. ಡಾಕ್ಟರುಗಳು ಅದನ್ನು ಫೈಬ್ರೊಮಯಾಲ್ಜಿಯ ಎನ್ನುತ್ತಾರೆ. ಎಕ್ಸ್‌ರೇ ತೆಗೆದರೆ ಮೂಳೆ ಸರಿಯಾಗಿರುತ್ತದೆ, ರಕ್ತ ನೋಡಿದರೆ ಕೀಲುವಾತದ ಗುರುತಿರುವುದಿಲ್ಲ. ರೋಗಿ ಹೇಳಿದ್ದನ್ನು ಕೇಳಿ, ಮೈಯನ್ನು ಅಲ್ಲಲ್ಲಿ ಒತ್ತಿ ನೋಡಿ, ಬೇರೆ ಕಾಯಿಲೆಗಳು ಅಲ್ಲವೆಂದು ಖಾತ್ರಿ ಮಾಡಿಕೊಂಡು ಡಾಕ್ಟರು ಅದನ್ನು ಗುರುತಿಸಬೇಕು. ಅಷ್ಟು ಹೊತ್ತು ಕೂತು ಕೇಳುವ ಡಾಕ್ಟರು ಎಲ್ಲ ಊರಿಗೂ ಸಿಗುವುದಿಲ್ಲ. ಆದ್ದರಿಂದ ರಕ್ತದಲ್ಲೇ ಅದರ ಜಾಡು ಸಿಗುತ್ತದೆಯೇ, ಹಳ್ಳಿಯ ಜಗುಲಿಯ ಮೇಲೆ ಕೂತು ಅದನ್ನು ಓದಬಹುದೇ ಎಂದು ನೋಡುವ ಒಂದು ಅಧ್ಯಯನ ನಡೆಯುತ್ತಿತ್ತು. ನಾನು ಅದರಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದೆ.

ನಾನು ಲ್ಯಾಬ್ ಟೆಕ್ನಿಷಿಯನ್. ಹಳ್ಳಿಗಳಲ್ಲಿ ಎಲ್ಲರೂ ನರ್ಸಮ್ಮ ಎಂದೇ ಕರೆಯುತ್ತಿದ್ದರು. ಎರಡು ಸಲ ತಿದ್ದಿ ಆಮೇಲೆ ಬಿಟ್ಟೆ. ಈ ಕೆಲಸಕ್ಕೂ ಮೊದಲು ಚಿತ್ರದುರ್ಗದ ಒಂದು ಲ್ಯಾಬಿನಲ್ಲಿ ಬಹಳ ವರ್ಷ ಇದ್ದೆ. ಕಿಟಕಿಯಲ್ಲಿ ರಿಪೋರ್ಟು ಕೊಡುವುದೂ ನನ್ನ ಕೆಲಸವೇ ಆಗಿತ್ತು. ಎಲ್ಲ ನಾರ್ಮಲ್ ಇದೆ ಎಂದು ಹೇಳಿದಾಗ ಸಾಮಾನ್ಯವಾಗಿ ಜನ ಕೈಮುಗಿಯುತ್ತಾರೆ. ಕೆಲವು ಹೆಂಗಸರು ಮಾತ್ರ ಹಾಗೇ ನಿಂತುಬಿಡುತ್ತಿದ್ದರು. ಇನ್ನೊಂದು ಸಲ ನೋಡ್ರಿ ಎನ್ನುತ್ತಿದ್ದರು. ಜೊತೆಗೆ ಬಂದ ಗಂಡನೋ ಅತ್ತೆಯೋ ರಿಪೋರ್ಟನ್ನು ಕೈಯಿಂದ ತೆಗೆದುಕೊಂಡು ಮುಂದೆ ನಡೆಯುತ್ತಿದ್ದರು. ಆ ಹೆಂಗಸರು ಮನೆಗೆ ಹೋದ ಮೇಲೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿರಲಿಲ್ಲ.

ಅಧ್ಯಯನಕ್ಕೆ ಒಂದು ನಿಯಮವಿತ್ತು. ಪೆಟ್ಟಿಗೆ ಏನು ಹೇಳಿತೆಂದು ಯಾರಿಗೂ ಹೇಳಬಾರದು. ನಮ್ಮ ಡಾಕ್ಟರು ಮೊದಲ ದಿನವೇ ಕೂರಿಸಿ ಹೇಳಿದ್ದರು. ಪೆಟ್ಟಿಗೆಗೆ ಪಾಠ ಹೇಳಿಕೊಟ್ಟಿರುವುದು ದೊಡ್ಡ ಊರಿನ ಆಸ್ಪತ್ರೆಗಳಿಂದ ಬಂದ ರಕ್ತ. ನಮ್ಮ ಕಡೆಯ ಜನರ ರಕ್ತವನ್ನು ಅದು ಇನ್ನೂ ಕಂಡಿಲ್ಲ. ಅದು ತಪ್ಪು ಮಾಡುತ್ತದೆ, ಆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ನಮ್ಮ ಕೆಲಸ. ನಾನು ತಲೆಯಾಡಿಸಿದ್ದೆ. ಕಾಗದಕ್ಕೆ ರುಜುವನ್ನೂ ಹಾಕಿದ್ದೆ.

ಹಿರಿಯೂರಿನಲ್ಲಿ ಶುರು ಮಾಡಿದೆವು. ಆಮೇಲೆ ಹೊಳಲ್ಕೆರೆ ಕಡೆ ಹೊರಕೆರೆದೇವಪುರದ ಸುತ್ತಮುತ್ತ. ಅದು ಮುಗಿದ ಮೇಲೆ ಹೊಸದುರ್ಗ ತಾಲ್ಲೂಕು. ನಾನು ಹೇಳಬೇಕೆಂದಿರುವುದು ಮಾಡದಕೆರೆಯಿಂದ ಸ್ವಲ್ಪ ದೂರದ ಒಂದು ಕುರಿಗಾರರ ಹಟ್ಟಿಯ ಬಗ್ಗೆ.

ಅಲ್ಲಿನ ಆಶಾ ಕಾರ್ಯಕರ್ತೆ ಮೈನೋವಿನವರನ್ನೆಲ್ಲ ಶಾಲೆಯ ಜಗುಲಿಗೆ ಕರೆಸಿದ್ದಳು. ಹೆಂಗಸರೇ ಜಾಸ್ತಿ. ಬೆಳಿಗ್ಗೆ ಒಂಬತ್ತಕ್ಕೆ ನಾವು ಹೋಗುವ ಹೊತ್ತಿಗೆ ಎಲ್ಲರೂ ಸಾಲಾಗಿ ಕೂತಿದ್ದರು. ಮೊದಲು ಕೂತಿದ್ದ ಒಬ್ಬ ಮುದುಕಿ ಬೆರಳು ಚಾಚುತ್ತ, “ನಂದು ಬಿಡ್ರಿ, ನಮ್ಮ ಹುಡುಗಂದು ತಗಳ್ರಿ. ಸೋಮಾರಿತನ ರಕ್ತದಾಗೆ ಐತಾ ನೋಡಾಣ” ಎಂದಳು. ಎಲ್ಲರೂ ನಕ್ಕರು. ಅದೇ ಸಾಲಿನಲ್ಲಿ ಒಬ್ಬಳು ನಗಲಿಲ್ಲ. ಅದಕ್ಕೇ ಅವಳನ್ನು ಗಮನಿಸಿದೆ.

ವಯಸ್ಸು ಮೂವತ್ತೈದರ ಒಳಗೆ. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು, ಅದರ ತುಂಬ ಹಳೆಯ ರಿಪೋರ್ಟುಗಳು. ಅವುಗಳಲ್ಲಿ ಒಂದು ನನ್ನ ಹಳೆಯ ಲ್ಯಾಬಿನದೇ. ಅದರ ಮೇಲಿದ್ದ ಸಣ್ಣ ಸಹಿ ನನ್ನದು. ಅವಳ ಮುಖ ನನಗೆ ನೆನಪಿರಲಿಲ್ಲ.

ಅಧ್ಯಯನದ ಪ್ರಶ್ನಾವಳಿಯಲ್ಲಿ ನೋವು ಹೇಗಿರುತ್ತದೆ ಎಂಬ ಕಾಲಂ ಇತ್ತು. ಚುಚ್ಚುವ, ಸುಡುವ, ಸೆಳೆಯುವ ಎಂದು ಮೂರು ಚೌಕಗಳು. ಅವಳು ಮೂರನ್ನೂ ಬೇಡವೆಂದಳು. ತನ್ನ ಮಾತಿನಲ್ಲೇ ಹೇಳಿದಳು: “ನೆಂದ ಕಂಬ್ಳಿ ಹೊದ್ಕಂಡಂಗೆ ಐತೆ ನರ್ಸಮ್ಮ. ತೆಗ್ದು ಹಾಕಾಣ ಅಂದ್ರೆ ತೆಗಿಯಾಕೆ ಬರಲ್ಲ.”

ನೆಂದ ಕರಿಕಂಬಳಿಯ ಭಾರ ಗೊತ್ತಿರುವವರಿಗೆ ಬೇರೆ ವಿವರಣೆ ಬೇಕಿಲ್ಲ. ನಾನು ಚೌಕಗಳ ಪಕ್ಕದಲ್ಲಿ ಅವಳ ಮಾತನ್ನೇ ಬರೆದೆ.

ನಾಲ್ಕು ವರ್ಷದಿಂದ ಹೀಗಿದೆ ಎಂದಳು. ಕೊನೆಯ ಮಗು ಹುಟ್ಟಿದ ಮೇಲೆ ಶುರುವಾಯಿತು. ನಿದ್ದೆ ಮಾಡಿ ಎದ್ದರೂ ದಣಿವು ಹೋಗುವುದಿಲ್ಲ. ಕೊಡ ಎತ್ತಿದರೆ ಮೊಣಕೈಯಿಂದ ಕುತ್ತಿಗೆಯವರೆಗೆ ಹಿಡಿದುಕೊಳ್ಳುತ್ತದೆ. ಕುರಿಯ ಕೆಳಗೆ ಬಗ್ಗಿ ಹಾಲು ಕರೆಯಲು ಕೂತರೆ ಏಳಲಾಗುವುದಿಲ್ಲ. ಆಮೇಲೆ ದನಿ ತಗ್ಗಿಸಿ, ಬೆನ್ನು ತೋರಿಸಲೇ ಎಂದು ಕೇಳಿದಳು. ಶಾಲೆಯ ಒಳಕೋಣೆಗೆ ಹೋದೆವು. ಅವಳು ಸೆರಗು ಸರಿಸಿ ತಿರುಗಿ ನಿಂತಳು.

ಭುಜದ ಎರಡೂ ಕಡೆ, ಸೊಂಟದ ಮೇಲೆ, ಬರೆಗಳು. ಬೆರಳಗಲದ ಗೆರೆಗಳು, ಒಂದರ ಪಕ್ಕದಲ್ಲಿ ಒಂದು, ಒಂದೇ ಅಳತೆಯಲ್ಲಿ, ನುರಿತ ಕೈ ಹಾಕಿದವು. ಭುಜದ ಮೇಲಿನವು ಹಳೆಯವು, ಚರ್ಮದ ಬಣ್ಣಕ್ಕೆ ಬಂದಿದ್ದವು. ಸೊಂಟದ ಮೇಲಿನವು ಇನ್ನೂ ನಸುಗೆಂಪಾಗಿದ್ದವು.

ಹಾಕಿದವಳು ಅವಳ ಅತ್ತೆ. ಇದನ್ನು ಕೇಳಿದೊಡನೆ ಓದುವವರಿಗೆ ಒಂದು ಚಿತ್ರ ಬರುತ್ತದೆ, ನನಗೂ ಬಂತು. ಆದರೆ ನಡೆದದ್ದನ್ನು ನಡೆದಂತೆ ಹೇಳಬೇಕು. ಅತ್ತೆ ಆ ಸುತ್ತಿನಲ್ಲಿ ಬರೆ ಹಾಕುವುದಕ್ಕೆ ಹೆಸರಾದವಳು. ಕುಂಟುವ ಕುರಿಯ ಕಾಲಿಗೆ ಬರೆ ಹಾಕಿದರೆ ಎರಡು ವಾರಕ್ಕೆ ನಡೆಯುತ್ತದೆ ಎಂದು ಬೇರೆ ಹಟ್ಟಿಗಳಿಂದ ಹೊತ್ತು ತರುತ್ತಿದ್ದರು. ಸೊಂಟ ಹಿಡಿದವರೂ ಮಂಡಿ ಊದಿದವರೂ ಬರುತ್ತಿದ್ದರು. ಅವಳ ಸ್ವಂತ ಬೆನ್ನ ಮೇಲೂ ಅವಳ ಅತ್ತೆ ಹಾಕಿದ ಬರೆಗಳಿದ್ದವಂತೆ. ಅದು ಅವರಿಗೆ ಔಷಧಿ. ಸೊಸೆಗೆ ಎರಡು ಸಲ ಹಾಕಿದಳು, ವಾಸಿಯಾಗಲಿಲ್ಲ. ಆಮೇಲೆ ಆಸ್ಪತ್ರೆಗೆ ಕರೆದೊಯ್ದರು. ರಿಪೋರ್ಟುಗಳು ನಾರ್ಮಲ್ ಬಂದವು. ಅದಾದ ಮೇಲೆ ಮೂರನೆಯ ಸಲ. ನಾಲ್ಕನೆಯದನ್ನು ಬರುವ ಅಮಾವಾಸ್ಯೆ ಕಳೆದ ಮೇಲೆ ಮಂಡಿಗಳಿಗೆ ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು.

ಅವಳು ಅದನ್ನು ಹೇಳಿ ಸೆರಗು ಹೊದ್ದುಕೊಂಡಳು. ನಾವು ಜಗುಲಿಗೆ ಬಂದೆವು. ಅವಳು ಬೆರಳು ಚಾಚಿದಳು. ನಾನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ, ಚುಚ್ಚಿ, ಕಾರ್ಡಿನ ಮೇಲೆ ನಾಲ್ಕು ಹನಿ ಬೀಳಿಸಿದೆ.

ಅವಳ ಬೆರಳು ಹಳದಿಯಾಗಿತ್ತು. ಅಲ್ಲಿದ್ದ ಹೆಂಗಸರೆಲ್ಲರ ಬೆರಳೂ ಹಳದಿಯಾಗಿತ್ತು. ನಾನದನ್ನು ಕಂಡೆ. ಕಂಡದ್ದು ಈಗಲೂ ನೆನಪಿದೆ. ಹುಟ್ಟಿದಾಗಿನಿಂದ ನೋಡಿದ ಬಣ್ಣವಾದ್ದರಿಂದ ಕಂಡರೂ ಕಾಣಲಿಲ್ಲ. ನನ್ನ ಅಮ್ಮನ ಬೆರಳುಗಳೂ ಹಾಗೇ ಇದ್ದವು.

ಸಂಜೆ ಹೊಸದುರ್ಗದಲ್ಲಿ ನಾವು ಇಳಿದುಕೊಂಡಿದ್ದ ಕೋಣೆಯಲ್ಲಿ ಕಾರ್ಡುಗಳನ್ನು ಓದಿದೆ. ಗಂಡಸರ ಕಾರ್ಡುಗಳು ಹೊಂದುವುದಿಲ್ಲ ಎಂದವು. ಹೆಂಗಸರ ಕಾರ್ಡುಗಳೆಲ್ಲ ಹೊಂದುತ್ತದೆ ಎಂದವು, ಅವಳದೂ. ಫೋನಿನಲ್ಲಿ ಡಾಕ್ಟರಿಗೆ ತಿಳಿಸಿದೆ. ಈ ಕಾಯಿಲೆ ಹೆಂಗಸರಲ್ಲೇ ಹೆಚ್ಚು, ಆದರೂ ಎಲ್ಲರಿಗೂ ಅಂದರೆ ಜಾಸ್ತಿಯಾಯಿತು, ಕಾರ್ಡುಗಳನ್ನು ಜೋಪಾನವಾಗಿ ಇಟ್ಟಿರಿ ಎಂದರು. ನನಗೆ ಅವರ ಎರಡನೆಯ ಮಾತು ಕೇಳಿಸಿತು, ಆದರೆ ಮನಸ್ಸಿನಲ್ಲಿ ಉಳಿದದ್ದು ಮೊದಲನೆಯದು.

ಅಮಾವಾಸ್ಯೆಗೆ ಆರು ದಿನ ಉಳಿದಿತ್ತು. ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮಾಡದಕೆರೆಯಲ್ಲಿ ಬಸ್ಸಿಳಿದು, ಆಶಾ ಕಾರ್ಯಕರ್ತೆಯ ಸ್ಕೂಟರಿನ ಹಿಂದೆ ಕೂತು ಹಟ್ಟಿಗೆ ಹೋದೆ. ಅಂದು ನನಗೆ ರಜೆ. ಪೆಟ್ಟಿಗೆ ನನ್ನ ಬಳಿ ಇರಲಿಲ್ಲ. ಡಾಕ್ಟರಿಗೆ ಹೇಳಿರಲಿಲ್ಲ.

ಅತ್ತೆ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು. ಕಪ್ಪಗೆ, ತೆಳ್ಳಗೆ, ಬೆನ್ನು ನೇರ. ಅವಳ ಮಗ, ಎಂದರೆ ಆ ಹೆಂಗಸಿನ ಗಂಡ, ತಡಿಕೆ ಕಟ್ಟುತ್ತಿದ್ದ. ಸೊಸೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಮೂವರಿಗೂ ಕೇಳುವ ಹಾಗೆ ಹೇಳಿದೆ. ಈಕೆಯ ನೋವು ನಿಜವಾದದ್ದು, ರಕ್ತದಲ್ಲಿ ಕಂಡಿದೆ, ಯಂತ್ರವೇ ತೋರಿಸಿದೆ, ಬರೆಯಿಂದ ವಾಸಿಯಾಗುವ ಕಾಯಿಲೆಯಲ್ಲ ಎಂದೆ. ಯಂತ್ರ ಎಂಬ ಮಾತನ್ನು ಬೇಕೆಂದೇ ಒತ್ತಿ ಹೇಳಿದೆ.

ಅತ್ತೆ ಉಣ್ಣೆಯನ್ನು ಕೆಳಗಿಟ್ಟು, ರಕ್ತದಾಗೇ ಐತಾ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ.

ಅದಾದ ಮೇಲೆ ಆ ಮನೆಯಲ್ಲಿ ನಡೆದದ್ದು ನನಗೆ ಆಶಾ ಕಾರ್ಯಕರ್ತೆಯಿಂದ ತಿಳಿಯುತ್ತಿತ್ತು. ನಾಲ್ಕನೆಯ ಬರೆ ಹಾಕಲಿಲ್ಲ. ಕೊಡ ಹೊರುವ ಕೆಲಸ ಗಂಡ ಮಾಡತೊಡಗಿದ, ಬೋರಿನ ಹತ್ತಿರ ಹೆಂಗಸರು ಕೀಟಲೆ ಮಾಡಿದರೂ ಬಿಡಲಿಲ್ಲ. ಅತ್ತೆ ಸೊಸೆಯನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿ ತಪ್ಪುಕಾಣಿಕೆ ಹಾಕಿ ಬಂದಳು. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ದೇವರ ಮುಂದೆ ಇಡುವ ಕಾಣಿಕೆ ಅದು. ಎಲ್ಲರೂ ನೋಡುವಂತೆ ಇಟ್ಟಳಂತೆ. ಹೆಸರಾದ ಹೆಂಗಸಿಗೆ ಅದು ಸಣ್ಣ ಮಾತಲ್ಲ.

ಒಂದು ಸಲ ಅಧ್ಯಯನದ ಜೀಪಿನಲ್ಲಿ ಹೋಗುವಾಗ ನಾನೂ ದಾರಿಯಲ್ಲಿ ಇಳಿದು ನೋಡಿಬಂದೆ. ಸೊಸೆ ಚಾಪೆಯ ಮೇಲೆ ಮಲಗಿದ್ದಳು, ಬೆಳಿಗ್ಗೆ ಹನ್ನೊಂದು ಗಂಟೆಯಲ್ಲಿ. ನನ್ನನ್ನು ಕಂಡು ಎದ್ದು ಕೂರಲು ಹೋದಳು. ಮಲಗಿರು ಎಂದದ್ದು ನಾನಲ್ಲ, ಅವಳ ಅತ್ತೆ. ವಾಪಸು ಬರುವಾಗ ಜೀಪಿನಲ್ಲಿ ನನಗೆ ಸಂತೋಷವಾಗಿತ್ತು. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಅಂಥ ಸಂತೋಷ ಆಗಿರಲಿಲ್ಲ ಎಂದೂ ಅನ್ನಿಸಿತ್ತು.

ಎರಡು ತಿಂಗಳ ಮೇಲೆ ಚಿತ್ರದುರ್ಗದಲ್ಲಿ ಕಾರ್ಡುಗಳನ್ನೆಲ್ಲ ಊರಿನ ಪ್ರಕಾರ ಜೋಡಿಸುವ ಕೆಲಸವಿತ್ತು. ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಸಾಲು ಸಾಲಾಗಿ ಇಟ್ಟೆ. ಮಧ್ಯಾಹ್ನದ ಬೆಳಕು ಅಡ್ಡವಾಗಿ ಬೀಳುತ್ತಿತ್ತು. ಹಟ್ಟಿಯ ಹೆಂಗಸರ ಕಾರ್ಡುಗಳಲ್ಲಿ ಕಂದು ಕಲೆಯ ಸುತ್ತ ಒಂದು ತೆಳು ಅಂಚು ಇತ್ತು. ಹಳದಿ. ಹೊರಕೆರೆದೇವಪುರದ ಕಡೆಯ ಕೆಲವು ಕಾರ್ಡುಗಳಲ್ಲೂ ಇತ್ತು. ಹಿರಿಯೂರಿನವುಗಳಲ್ಲಿ ಇರಲಿಲ್ಲ, ಅಲ್ಲಿ ಪಟ್ಟಣದ ಕಟ್ಟಡದಲ್ಲಿ ನಲ್ಲಿಯ ಕೆಳಗೆ ಸೋಪಿನಿಂದ ಕೈ ತೊಳೆಸಿ ರಕ್ತ ತೆಗೆದಿದ್ದೆವು. ಯಾವ ಕಾರ್ಡುಗಳಲ್ಲಿ ಅಂಚಿತ್ತೋ ಅವೆಲ್ಲ ಹೊಂದುತ್ತದೆ ಎಂದ ಕಾರ್ಡುಗಳೇ.

ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಆ ದಿನ ಹೆಂಗಸರು ಬೆರಳಿಗೆ ಏನು ಹಚ್ಚಿದ್ದರು ಎಂದು ಕೇಳಿದೆ. ಇದನ್ನೂ ಕೇಳಬೇಕಾ ಎಂಬ ದನಿಯಲ್ಲಿ ಅವಳು ಹೇಳಿದಳು: ಸೂಜಿ ಚುಚ್ಚುತ್ತಾರೆ ಅಂತ ಹೇಳಿದ್ದೆ, ಕೀವಾಗಬಾರದು ಅಂತ ಬೆಳಿಗ್ಗೇನೇ ಹೆಂಗಸರೆಲ್ಲ ಅರಿಶಿನ ತೇಯ್ದು ಬೆರಳಿಗೆ ಹಚ್ಚಿಕೊಂಡು ಬಂದಿದ್ದರು. ಗಾಯವಾದ ಮೇಲೆ ಹಚ್ಚುವುದನ್ನು ಗಾಯವಾಗುವ ಮೊದಲೇ ಹಚ್ಚಿದ್ದರು, ಆಮೇಲೆ ಹಚ್ಚಲು ನಿಂತು ನಮ್ಮ ಕೆಲಸಕ್ಕೆ ತಡವಾಗದಿರಲಿ ಎಂದು.

ಅರಿಶಿನ ನೀರಿಗಿಂತ ಸ್ಪಿರಿಟ್‌ಗೆ ಚೆನ್ನಾಗಿ ಬಿಡುತ್ತದೆ. ಇದು ನನಗೆ ಗೊತ್ತಿದ್ದ ವಿಷಯ. ನಾನು ಒರೆಸಿ ಶುಚಿ ಮಾಡಿದೆನೆಂದುಕೊಂಡ ಪ್ರತಿ ಬೆರಳಿನಲ್ಲೂ ಗೆರೆಗಳೊಳಗಿನ ಅರಿಶಿನವನ್ನು ಕರಗಿಸಿ ಮೇಲಕ್ಕೆ ತಂದಿದ್ದೆ. ರಕ್ತ ಅದರ ಮೇಲೆ ಹರಿದು ಕಾರ್ಡಿಗೆ ಬಿದ್ದಿತ್ತು.

ಸಂದೇಹ ಉಳಿಯಬಾರದೆಂದು ಎದುರಿನ ಅಂಗಡಿಯಿಂದ ಒಂದು ಪೊಟ್ಟಣ ಅರಿಶಿನ ತಂದೆ. ನನ್ನ ಎಡಗೈಯ ಎರಡು ಬೆರಳುಗಳನ್ನು ಸೋಪಿನಲ್ಲಿ ತೊಳೆದೆ. ಒಂದಕ್ಕೆ ಅರಿಶಿನ ಹಚ್ಚಿ, ಒಣಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿದೆ. ಎರಡನ್ನೂ ಚುಚ್ಚಿ ಎರಡು ಕಾರ್ಡು ಮಾಡಿದೆ. ಒಣಗಲು ಬೇಕಾದಷ್ಟು ಹೊತ್ತು ಅಲ್ಲೇ ಕೂತಿದ್ದೆ. ತೊಳೆದ ಬೆರಳಿನ ಕಾರ್ಡು ಹೊಂದುವುದಿಲ್ಲ ಎಂದಿತು. ಅರಿಶಿನದ ಬೆರಳಿನದು ಹೊಂದುತ್ತದೆ ಎಂದಿತು. ನನಗೆ ಮೈನೋವಿಲ್ಲ. ಯಾವತ್ತೂ ಇರಲಿಲ್ಲ.

ಡಾಕ್ಟರಿಗೆ ಎಲ್ಲ ಹೇಳಿದೆ. ಅರಿಶಿನದ ವಿಷಯ ಹೇಳುವುದು ಸುಲಭವಾಗಿತ್ತು. ಹಟ್ಟಿಗೆ ಹೋಗಿ ಹೇಳಿಬಂದ ವಿಷಯ ಕಷ್ಟವಾಯಿತು. ಅವರು ಗದರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಎರಡು ಕಾರ್ಡುಗಳನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ, ಆ ಹಟ್ಟಿಯವರ ರಕ್ತವನ್ನೆಲ್ಲ ಮತ್ತೆ ತೆಗೆಯೋಣ, ಈ ಸಲ ನಾನೂ ಬರುತ್ತೇನೆ ಎಂದರು. ಆ ಮನೆಯವರಿಗೆ ಏನು ಹೇಳುವುದೆಂದು ಕೇಳಿದೆ. ಇದ್ದದ್ದನ್ನು ಹೇಳುವುದು, ಆದರೆ ಮೊದಲು ಅವಳಿಗೆ, ಅವಳು ಒಪ್ಪಿದರೆ ಮನೆಯವರಿಗೆ ಎಂದರು. ಹೇಳಿದರೆ ಮತ್ತೆ ಬರೆ ಬೀಳಬಹುದು ಎಂದೆ. ಗೊತ್ತು ಎಂದರು.

ಎರಡನೆಯ ಸಲ ಹೋದಾಗ ಶಾಲೆಯ ಮುಂದೆ ಎರಡು ಬಕೆಟ್ ಬಿಸಿನೀರು, ಸೋಪು, ನಿಂಬೆಹಣ್ಣಿನ ಹೋಳು ಇಟ್ಟಿದ್ದೆವು. ಬೆರಳು ತೊಳೆದು, ಬಿಳಿ ಬಟ್ಟೆಗೆ ಉಜ್ಜಿ, ಹಳದಿ ಹತ್ತದೇ ಇದ್ದರೆ ಮಾತ್ರ ಚುಚ್ಚುವುದು. ಹೋದ ಸಲ ಮೊದಲು ಕೂತಿದ್ದ ಮುದುಕಿ, “ಮದುವಣಗಿತ್ತಿಗೂ ಇಂಗೆ ಉಜ್ಜಲಿಲ್ಲ ಕಣ್ರಿ” ಎಂದಳು. ನಗಲು ನನಗಾಗಲಿಲ್ಲ.

ಅವಳ ಬೆರಳನ್ನು ನಾನೇ ತೊಳೆದೆ. ನಾಲ್ಕು ಸಲ ಉಜ್ಜಿದ ಮೇಲೆ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಕಾರ್ಡು ಒಣಗುವವರೆಗೆ ಡಾಕ್ಟರು ಅವಳನ್ನು ಒಳಕೋಣೆಯಲ್ಲಿ ಕೂರಿಸಿಕೊಂಡು, ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿರಿಸಿಕೊಂಡು ನೋಡಿದರು. ಹಳೆಯ ರಿಪೋರ್ಟುಗಳನ್ನು ಒಂದೊಂದಾಗಿ ಓದಿದರು. ನಿದ್ದೆಯ ಬಗ್ಗೆ ಕೇಳಿದರು, ಬೆಳಿಗ್ಗೆ ಏಳುವಾಗಿನ ದಣಿವಿನ ಬಗ್ಗೆ, ಮರೆವಿನ ಬಗ್ಗೆ ಕೇಳಿದರು. ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮಂಡಿಗಳನ್ನು ಮೆತ್ತಗೆ ಒತ್ತಿದರು. ಅವಳು ಎಲ್ಲಿ ಉಸಿರು ಹಿಡಿದಳೋ ಅಲ್ಲಲ್ಲಿ ನಿಲ್ಲಿಸಿ ಬರೆದುಕೊಂಡರು. ಒಂದು ಗಂಟೆಗೂ ಮೀರಿ ಹಿಡಿಯಿತು. ಅಷ್ಟು ಹೊತ್ತು ಯಾರೂ ಅವಳ ಮಾತು ಕೇಳಿರಲಿಲ್ಲ ಎಂದು ಆಮೇಲೆ ಆಶಾ ಕಾರ್ಯಕರ್ತೆ ಹೇಳಿದಳು.

ಕಾರ್ಡನ್ನು ಜೀಪಿನ ಬಾನೆಟ್ಟಿನ ಮೇಲೆ ಪೆಟ್ಟಿಗೆಯಿಟ್ಟು ಓದಿದೆ. ಹೊಂದುವುದಿಲ್ಲ ಎಂದಿತು. ಇನ್ನೊಂದು ಹನಿಯ ಮೇಲೆ ಓದಿಸಿದೆ. ಅದೇ ಮಾತು. ಅಂದು ತೊಳೆದ ಬೆರಳುಗಳಲ್ಲಿ ಇಬ್ಬರ ಕಾರ್ಡು ಮಾತ್ರ ಹೊಂದಿತು. ಅವುಗಳಲ್ಲಿ ಅವಳದಿರಲಿಲ್ಲ.

ಡಾಕ್ಟರು ಹೊರಗೆ ಬಂದು ಪರದೆ ನೋಡಿದರು. “ನನ್ನ ಕೈಗೆ ಗೊತ್ತಾಗಿದ್ದು ಇದಕ್ಕೆ ಗೊತ್ತಾಗಿಲ್ಲ” ಎಂದರು. ಚೀಟಿಯಲ್ಲಿ ಕಾಯಿಲೆಯ ಹೆಸರು ಆಗಲೇ ಬರೆದಾಗಿತ್ತು, ಪೆಟ್ಟಿಗೆ ಹುಡುಕುತ್ತಿದ್ದ ಅದೇ ಕಾಯಿಲೆಯ ಹೆಸರು. ಅವರು ಅದನ್ನು ಹೊಡೆದುಹಾಕಲಿಲ್ಲ. ಅವರು ಸರಿಯೋ ಪೆಟ್ಟಿಗೆ ಸರಿಯೋ ನನಗೆ ಅಂದೂ ಗೊತ್ತಿರಲಿಲ್ಲ, ಈ ಹೊತ್ತಿಗೂ ಗೊತ್ತಿಲ್ಲ. ಆ ಪೆಟ್ಟಿಗೆ ಇನ್ನೂ ಎಷ್ಟೋ ಜನರ ರಕ್ತ ನೋಡಬೇಕು.

ಅವಳು ಶಾಲೆಯ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ. ಅರಿಶಿನದ್ದು, ಸ್ಪಿರಿಟ್‌ನದ್ದು, ನಾನು ಹೇಳಬಾರದ್ದನ್ನು ಹೇಳಿದ್ದು, ಎಲ್ಲ. ಡಾಕ್ಟರು ಕೈಯಿಂದ ನೋಡಿ ಕಾಯಿಲೆ ಹೌದೆಂದು ಬರೆದಿದ್ದಾರೆ, ಆದರೆ ಪೆಟ್ಟಿಗೆ ಈ ಸಲ ಇಲ್ಲವೆಂದಿದೆ ಎಂದೆ.

ಅವಳು ತೊಳೆದ ಬೆರಳನ್ನು ನೋಡಿಕೊಂಡಳು.

“ಹಂಗಾದ್ರೆ ಅವತ್ತು ಕಂಡಿದ್ದು ಅರಿಶಿನನಾ?”

“ಹೂಂ.”

“ನನ್ ನೋವು ಕಾಣ್ಲಿಲ್ಲ.”

ಇಲ್ಲ ಎಂದೆ. ಬೇಡವೆಂದರೆ ಮನೆಯಲ್ಲಿ ಹೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು ಎಂದೆ. ಅವಳು ಬೇಡವೆನ್ನಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಅವಳ ಕೈ ಮಂಡಿಯ ಮೇಲಿತ್ತು, ನಾಲ್ಕನೆಯ ಬರೆ ಬೀಳಬೇಕಾಗಿದ್ದ ಜಾಗದಲ್ಲಿ.

“ನೀವೇ ಬಂದು ಹೇಳ್ರಿ,” ಎಂದಳು ಕೊನೆಗೆ. “ಇಷ್ಟು ದಿನ ನಾನು ಸುಳ್ಳು ಹೇಳಿಲ್ಲ. ಇದನ್ನ ಮುಚ್ಚಿಟ್ರೆ ಅದು ಸುಳ್ಳಾಗ್ತೈತೆ.”

ಮೂವರೂ ಅವರ ಮನೆಗೆ ನಡೆದೆವು, ಅವಳು, ಡಾಕ್ಟರು, ನಾನು. ಅಂಗಳದಲ್ಲಿ ಮಗ ನಿಂತಿದ್ದ, ಅತ್ತೆ ಕೂತಿದ್ದಳು. ಕಾಲು ನೋವಾದ ಒಂದು ಕುರಿಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಗೊರಸು ನೋಡುತ್ತಿದ್ದಳು. ಕುಂತ್ಕಳ್ರಿ ಎಂದಳು. ಡಾಕ್ಟರು ಕಟ್ಟೆಯ ಮೇಲೆ ಕೂತರು. ನಾನು ನಿಂತೇ ಹೇಳಿದೆ. ಹೋದ ಸಲ ಹೇಳಿದ್ದನ್ನು ಮನೆಯ ಮೂವರಿಗೂ ಕೇಳುವ ಹಾಗೆ ಹೇಳಿದ್ದರಿಂದ ಇದನ್ನೂ ಹಾಗೇ ಹೇಳಬೇಕಾಗಿತ್ತು.

ಮೊದಲು ಮಾತಾಡಿದ್ದು ಗಂಡ. “ಹಂಗಾದ್ರೆ ಇವ್ಳಿಗೆ ಏನೂ ಇಲ್ವಾ?” ಎಂದು ಕೇಳಿದ. ಕೋಪವಿರಲಿಲ್ಲ. ಎರಡು ತಿಂಗಳು ಕೊಡ ಹೊತ್ತವನ ಪ್ರಶ್ನೆ ಅದು. ಡಾಕ್ಟರು, ಇದೆ, ನಾನು ನೋಡಿದ್ದೇನೆ, ಯಂತ್ರ ಇನ್ನೂ ಕಲಿಯಬೇಕು ಎಂದರು. ಅವನು ಅರ್ಥವಾಗದವನಂತೆ ತಾಯಿಯ ಕಡೆ ನೋಡಿದ. ಸೊಸೆ ಬಾಗಿಲ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು. ಇನ್ನು ಹೇಳಬೇಕಾದವಳು ಅತ್ತೆ ಒಬ್ಬಳೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ಮರಿಯನ್ನು ಕೆಳಗಿಳಿಸಿದಳು. ಅದು ಮೂರು ಕಾಲಲ್ಲಿ ಕುಂಟುತ್ತ ತಾಯಿಯ ಕಡೆ ಹೋಯಿತು.

“ಒಂದ್ನೇದು ನೋವಿಗೆ ಹಾಕ್ದೆ,” ಎಂದಳು ಮಗನಿಗೆ. “ಎರಡ್ನೇದೂ ನೋವಿಗೆ ಹಾಕ್ದೆ. ಆಸ್ಪತ್ರೆ ಚೀಟಿ ನೋಡ್ಕಂಡು ಬಂದು ಹಾಕಿದ್ನಲ್ಲ, ಮೂರ್ನೇದು, ಅದನ್ನ ನೋವಿಗೆ ಹಾಕ್ಲಿಲ್ಲ. ಸಿಟ್ಟಿಗೆ ಹಾಕ್ದೆ. ಕಾಯ್ಸುವಾಗ್ಲೇ ನಂಗೆ ಗೊತ್ತಿತ್ತು. ಪೆಟ್ಟಿಗೆ ಐತೆ ಅಂದ್ರೂ ಇಲ್ಲ ಅಂದ್ರೂ ಅದು ಹಂಗೇ ಐತೆ.”

ಮಗ ಏನೋ ಹೇಳಲು ಹೋದ. ಅವಳು ತಡೆದಳು.

“ನಾನು ಇವ್ಳಿಗೆ ಇನ್ನ ಹಾಕಲ್ಲ. ಯಾರ ಕೈಲೂ ಹಾಕ್ಸಲ್ಲ.”

ಆಮೇಲೆ ಅವಳು ಡಾಕ್ಟರ ಕಡೆ ತಿರುಗಿ, ಏನು ಮಾಡಬೇಕು, ಎಲ್ಲಿಗೆ ಕರೆತರಬೇಕು, ಎಷ್ಟು ದಿನಕ್ಕೊಮ್ಮೆ ಎಂದು ಒಂದೊಂದಾಗಿ ಕೇಳಿದಳು. ಡಾಕ್ಟರು ಹೇಳಿದರು. ಪೂರ್ತಿ ವಾಸಿಯಾಗುತ್ತದೆ ಎಂದು ಹೇಳಲಾರೆ, ಕಡಿಮೆಯಾಗಬಹುದು ಎಂದರು. ಮಾತ್ರೆ, ನಿದ್ದೆ, ದಿನಾ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ನಡಿಗೆ, ಬಿಸಿನೀರಿನ ಕಾವು. ಕಾವು ಎಂದಾಗ ಅವಳು ತಲೆ ತಗ್ಗಿಸಿದಳು, ಮತ್ತೆ ಎತ್ತಿದಳು. ಡಾಕ್ಟರು ಕೊಟ್ಟ ಚೀಟಿಯನ್ನು ಮಡಿಸಿ ಸೊಸೆಯ ಕೈಗೆ ಕೊಟ್ಟಳು.

ಹೊರಡುವಾಗ ನನ್ನನ್ನು ನೋಡಿ ಹೇಳಿದಳು. ದನಿ ಏರಿಸಲಿಲ್ಲ. “ನೀವು ಇನ್ನ ಬರ್ಬ್ಯಾಡ್ರಿ ನರ್ಸಮ್ಮ. ಡಾಕ್ಟ್ರು ಬರ್ಲಿ. ದೇವ್ರ ಮುಂದೆ ನಿಂತು ಬಂದೆ ನಾನು, ನಿಮ್ಮ ಮಾತು ನಂಬ್ಕಂಡು.”

ಸರಿ ಎಂದೆ. ಸೊಸೆ ನನ್ನ ಕಡೆ ನೋಡಲಿಲ್ಲ. ಅವಳು ಚೀಟಿಯನ್ನು ತೆರೆದು, ಓದಲು ಬಾರದ ಇಂಗ್ಲಿಷ್ ಅಕ್ಷರಗಳನ್ನು ನೋಡುತ್ತಿದ್ದಳು.

ನಾನು ಕೆಲಸದಲ್ಲಿ ಮುಂದುವರಿದೆ. ಡಾಕ್ಟರು ನನ್ನ ತಪ್ಪನ್ನು ಬರೆದು ಮೇಲಿನವರಿಗೆ ಕಳಿಸಿದರು. ನನ್ನನ್ನು ಕೇಳಿಯೇ ಬರೆದರು. ಈಗ ನಾವು ಎಲ್ಲಿ ಹೋದರೂ ಮೊದಲು ಬಕೆಟ್ಟು ಇಳಿಯುತ್ತದೆ, ಆಮೇಲೆ ಪೆಟ್ಟಿಗೆ. ಹೆಂಗಸರ ಬೆರಳು ತೊಳೆಯುವ ಕೆಲಸವನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ. ಪೆಟ್ಟಿಗೆಯ ಮಾತನ್ನು ಯಾರಿಗೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ, ಇದಕ್ಕೆ ಇನ್ನೂ ಸರಿಯಾಗಿ ಗೊತ್ತಿಲ್ಲ ಎನ್ನುತ್ತೇನೆ. ಹಾಗಾದ್ರೆ ಯಾಕೆ ಚುಚ್ತೀರಾ ಎಂದು ಒಬ್ಬಳು ಕೇಳಿದಳು. ಗೊತ್ತಾಗಲಿ ಎಂದು, ಎಂದೆ. ಅದು ಅವಳಿಗೆ ಸಾಕಾಗಲಿಲ್ಲ.

ಆ ಹಟ್ಟಿಗೆ ನಾನು ಹೋಗಿಲ್ಲ. ಆಶಾ ಕಾರ್ಯಕರ್ತೆ ಹೊಸದುರ್ಗದಲ್ಲಿ ಸಿಕ್ಕಾಗ ಕೇಳುತ್ತೇನೆ. ಅತ್ತೆ ಸೊಸೆ ಇಬ್ಬರೂ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಆಸ್ಪತ್ರೆಗೆ ಬರುತ್ತಾರಂತೆ. ಸೊಸೆ ಬೆಳಿಗ್ಗೆ ಕೆರೆ ಏರಿಯವರೆಗೆ ನಡೆದು ಬರುತ್ತಾಳಂತೆ. ಕೆಲವು ದಿನ ಏಳುತ್ತಾಳೆ, ಕೆಲವು ದಿನ ಏಳುವುದಿಲ್ಲ. ಏಳದ ದಿನ ಅತ್ತೆಯೇ ಒಲೆ ಹಚ್ಚುತ್ತಾಳೆ, ಹಚ್ಚುವಾಗ ಗೊಣಗುತ್ತಾಳೆ, ಗೊಣಗಿಕೊಂಡೇ ಮುದ್ದೆ ಕೂಡಿಸುತ್ತಾಳೆ. ಕುರಿಗಳ ಕಾಲಿಗೆ ಈಗಲೂ ಬರೆ ಹಾಕುತ್ತಾಳೆ. ಮನುಷ್ಯರು ಬಂದರೆ ಆಸ್ಪತ್ರೆಗೆ ಹೋಗಿ ಎಂದು ಕಳಿಸುತ್ತಾಳೆ, ಅದರಿಂದ ಕೆಲವರಿಗೆ ಬೇಜಾರಾಗಿದೆಯಂತೆ.

ಸೊಸೆಯ ನೋವು ಹೇಗಿದೆ ಎಂದು ಹೋದ ವಾರವೂ ಕೇಳಿದೆ. ಐತೆ ಎಂದಳು ಆಶಾ ಕಾರ್ಯಕರ್ತೆ. ಈಗ ಅದು ಇಲ್ಲ ಅಂತ ಯಾರೂ ಅನ್ನಲ್ಲ, ಅಷ್ಟೇ ಎಂದಳು.